ಹೊರಬೀಡಿನ ದಿನ ಒಳಗುಳಿದ ಮದ್ದು

ನಮ್ಮ ಯಜಮಾನರನ್ನ ಊರೆಲ್ಲ ಧರ್ಮಾತ್ಮ ಅಂತಿತ್ತು. ಅಂದ್ಕೊಳ್ಲಿ ಬಿಡಿ, ಅವರ ಜೊತೆ ಸಂಸಾರ ಮಾಡಿದವಳು ನಾನು. ಹೆಸರು ಕೋದಂಡರಾಮಪ್ಪ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಅನ್ನೋ ಕಾಲ ಅದು. ಈಗ ಹೇಳ್ತೀನಿ, ಇನ್ಯಾರಿಗೆ ಹೆದರ್ಲಿ? ನಂಗಲಿ ಹತ್ತಿರದ ನಮ್ಮೂರಿಗೆ ಅವರೇ ಪಟೇಲರು.

ಎರಡನೇ ಮಹಾಯುದ್ಧ ಶುರುವಾದ ವರ್ಷದ ಬೇಸಿಗೆಯಲ್ಲಿ ಊರಿಗೆ ಕಾಲರಾ ಬಂತು. ಬೆಳಿಗ್ಗೆ ಹೊಲಕ್ಕೆ ಹೋದವರು ಸಂಜೆಗೆ ಇರ್ತಿರಲಿಲ್ಲ. ಮುಳಬಾಗಿಲಿಂದ ಹೆಲ್ತ್ ಇನ್ಸ್‌ಪೆಕ್ಟರ್ ನರಸಿಂಹಪ್ಪ ಸೈಕಲ್ಲಲ್ಲಿ ಬಂದು, ಒಂದು ಮರದ ಪೆಟ್ಟಿಗೆಯನ್ನ ನಮ್ಮ ಜಗಲಿ ಮೇಲಿಟ್ಟರು. ಒಳಗೆ ಹತ್ತಿ ಹಾಸಿ ಜೋಡಿಸಿದ ಸಣ್ಣ ಸಣ್ಣ ಗಾಜಿನ ಸೀಸೆಗಳು. ನೋಡಿದರೆ ಬರೀ ನೀರು.

"ಇದಕ್ಕೆ ಬ್ಯಾಕ್ಟೀರಿಯೋಫೇಜ್ ಅಂತಾರೆ. ಕಾಲರಾ ಹುಳ ಐತಲ್ಲ, ಅದನ್ನ ತಿಂದು ಹಾಕೋ ಇನ್ನೊಂದು ಇದರೊಳಗಿದೆ. ಕಣ್ಣಿಗೆ ಕಾಣಲ್ಲ, ಆದರೆ ಜೀವ ಇದ್ದಂಗೇ. ಬಿಸಿ ತಗುಲಿದರೆ ಸತ್ತೋಗುತ್ತೆ, ಆಮೇಲೆ ನೀವು ಕುಡಿಸೋದು ಬರೀ ನೀರೇ. ತಂಪಾಗಿರೋ ಕಡೆ ಇಡಿ. ವಾಂತಿ ಶುರುವಾದ ತಕ್ಷಣ ತುದಿ ಮುರಿದು, ಕಾಯಿಸಿ ಆರಿಸಿದ ನೀರಲ್ಲಿ ಕೊಡಿ. ಕೈಕಾಲು ತಣ್ಣಗಾದ ಮೇಲೆ ಕೊಟ್ಟರೆ ಪ್ರಯೋಜನ ಇಲ್ಲ," ಅಂದರು. ಇಷ್ಟು ಹೇಳಿ ಪಕ್ಕದೂರಿಗೆ ಹೊರಟರು. ಅಲ್ಲೂ ಜನ ಸಾಯ್ತಿದ್ದರು.

ಯಜಮಾನರು ಆ ಪೆಟ್ಟಿಗೆಯನ್ನ ನಡುಮನೆ ಮೂಲೆಯಲ್ಲಿ, ನೀರಿನ ಗಡಿಗೆಗಳ ಪಕ್ಕದ ಒದ್ದೆ ಮರಳಿನ ಮೇಲಿಟ್ಟರು. ಮನೇಲಿ ಅದಕ್ಕಿಂತ ತಂಪಾದ ಜಾಗ ಇರಲಿಲ್ಲ.

ಮಾರನೇ ದಿನ ಹೊರಬೀಡು. ಮಾರಮ್ಮನ ಪೂಜಾರಿ ಅಪ್ಪಣೆ ಕೊಡಿಸಿದ್ದ. ಹೊತ್ತು ಹುಟ್ಟೋಕೆ ಮುಂಚೆ ಮಕ್ಕಳು ಮರಿ, ದನ ಕುರಿ, ಕೋಳಿ ಸಮೇತ ಎಲ್ಲರೂ ಊರಾಚೆ ತೋಪಿಗೆ ಹೋಗಬೇಕು. ಊರಬಾಗಿಲಿಗೆ ಬೇವಿನ ಸೊಪ್ಪಿನ ಹಗ್ಗ ಕಟ್ಟಬೇಕು. ಖಾಲಿ ಊರಲ್ಲಿ ಮಾರಿ ಒಬ್ಬಳೇ ಸುತ್ತಿ ಸುತ್ತಿ, ಬೇಸತ್ತು ಗಡಿ ದಾಟ್ತಾಳೆ. ಹೊತ್ತು ಮುಳುಗೋಕೆ ಮುಂಚೆ ಯಾರಾದರೂ ಒಳಗೆ ಕಾಲಿಟ್ಟರೆ ಅವರ ಬೆನ್ನು ಹತ್ತಿ ವಾಪಸ್ ಬರ್ತಾಳೆ.

"ಪೆಟ್ಟಿಗೇನೂ ತಗೊಂಡು ಹೋಗೋಣ," ಅಂದೆ.

"ತೋಪಲ್ಲಿ ಬಿಸಿಗಾಳಿ ಕಣೇ. ತಂಪಲ್ಲೇ ಇಡಿ ಅಂತ ಇನ್ಸ್‌ಪೆಕ್ಟರ್ ಹೇಳಿಲ್ವಾ? ಒಂದು ಹಗಲು ತಾನೇ," ಅಂದರು. ಪುಣ್ಯಾತ್ಮ! ದೇವಿ ಮಾತೂ ಮೀರಲಿಲ್ಲ, ಸರ್ಕಾರದವರ ಮಾತೂ ಮೀರಲಿಲ್ಲ.

ತೋಪಿಗೆ ಹೋಗಿ ಒಲೆ ಹೂಡ್ತಿದ್ದಂಗೇ ಕೆಳಗಲಬೀದಿ ಮುತ್ಯಾಲಮ್ಮನ ಮಗನಿಗೆ ವಾಂತಿ ಶುರುವಾಯ್ತು. ಗಂಡ ಸತ್ತವಳು, ಅವಳಿಗೆ ಅವನೊಬ್ಬನೇ. ಹಗ್ಗದ ಹತ್ತಿರ ಕಾವಲಿಗೆ ಕೂತಿದ್ದ ಯಜಮಾನರ ಕಾಲು ಹಿಡಿದಳು. "ಅಯ್ಯಾ, ನಿಮ್ಮನೇಲಿರೋ ಮದ್ದು ಒಂದೇ ಒಂದು ತರಿಸಿಕೊಡ್ರಯ್ಯಾ!"

ದೊಣ್ಣೆ ಹಿಡಿದು ನಿಂತ ಗಂಡಸರೆಲ್ಲ ಪಟೇಲರ ಮುಖ ನೋಡಿದರು.

"ಹೊತ್ತು ಮುಳುಗಲಿ ಕಣಮ್ಮ," ಅಂದರು ಇವರು. "ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತೆ. ಊರನ್ನೇ ಬಲಿ ಕೊಡಲಾ?"

ಮಧ್ಯಾಹ್ನದ ಹೊತ್ತಿಗೆ ಹುಡುಗ ಹೋದ.

ಅವಳ ಅಳು ಇನ್ನೂ ಕೇಳಿಸ್ತಿತ್ತು, ನನ್ನ ಮಗಳು ಶ್ಯಾಮಲ ವಾಂತಿ ಮಾಡಿದಳು. ಆಮೇಲೆ ಅಕ್ಕಿ ತೊಳೆದ ನೀರಿನಂಗೆ ಭೇದಿ. ಆರು ವರ್ಷದ ಕೂಸು, ನೋಡ್ತಾ ನೋಡ್ತಾ ಕಣ್ಣು ಗುಳಿ ಬಿದ್ದವು. ಅವಳನ್ನ ಎತ್ತಿಕೊಂಡು ಹಗ್ಗದ ಹತ್ತಿರ ಓಡಿದೆ.

"ಹಗ್ಗ ಎತ್ತಿಸಿ. ಶ್ಯಾಮಲಂಗೂ ಬಂದೈತೆ."

ಅವರ ಮುಖ ಬಿಳಿಚಿಕೊಂಡಿತು. ಮಗಳು ಅಂದರೆ ಪ್ರಾಣ ಬಿಡ್ತಿದ್ದರು, ಅದನ್ನ ನಾನು ಇಲ್ಲ ಅನ್ನಲ್ಲ. ಕೂಸನ್ನ ನನ್ನ ಕೈಯಿಂದ ಈಸ್ಕೊಂಡು ಎದೆಗವಚಿಕೊಂಡು, "ಬೆಳಿಗ್ಗೆ ಮುತ್ಯಾಲಮ್ಮನಿಗೆ ಇಲ್ಲ ಅಂದುಬಿಟ್ಟು, ಈಗ ನನ್ನ ಮಗಳಿಗೆ ಅಂತ ಹೆಂಗೆ ಬಿಡಲಿ? ಊರಿಗೆ ಯಾವ ಮುಖ ತೋರಿಸಲಿ?" ಅಂದರು.

"ನಿಮ್ಮ ಮುಖಕ್ಕಿಷ್ಟು ಬೆಂಕಿ ಹಾಕ!" ಅಂದೆ. ಗಂಡನಿಗೆ, ಎಲ್ಲರೆದುರಿಗೆ. ಅಂದವಳೇ ಹಗ್ಗದ ಕೆಳಗೆ ನುಗ್ಗಿದೆ.

ಖಾಲಿ ಬೀದಿ. ನನ್ನ ಕಾಲಿನ ಸದ್ದಿಗೆ ನಾನೇ ಬೆಚ್ಚಿಬಿದ್ದೆ. ಮಾರಿ ಯಾವ ಬಾಗಿಲಲ್ಲಿ ನಿಂತಿದಾಳೋ ಅಂತ ಒಂದೊಂದು ಬಾಗಿಲೂ ನೋಡ್ತಾ ಓಡಿದೆ. ನಾನೂ ನಂಬಿದವಳೇ. ಪೆಟ್ಟಿಗೆ ಎತ್ತಿಕೊಂಡು, ಹಿಂದಿನ ದಿನ ಕಾಯಿಸಿಟ್ಟಿದ್ದ ನೀರು ಚೊಂಬಿಗೆ ಬಗ್ಗಿಸಿಕೊಂಡು ಓಡಿ ಬಂದೆ. ಹಗ್ಗದ ಹತ್ತಿರ ದೊಣ್ಣೆಗಳು ಅಡ್ಡ ಬಂದವು.

"ಬರಬೇಡ್ರಮ್ಮಾ! ಮಾರಿ ನಿಮ್ಮ ಬೆನ್ನಿಗವ್ಳೆ!"

"ಮದ್ದನ್ನಾದರೂ ಈಸ್ಕೊಳ್ರೋ!"

ಊರೊಳಗಿಂದ ಬಂದ ವಸ್ತು ಅಂತ ಒಬ್ಬನೂ ಕೈ ಚಾಚಲಿಲ್ಲ.

"ಅಯ್ಯೋ, ಕೂಸನ್ನಾದರೂ ಇತ್ತ ಕೊಡಿ!" ಅಂತ ಯಜಮಾನರಿಗೆ ಕೂಗಿದೆ. ಅವರು ಮಗಳನ್ನ ಅವಚಿಕೊಂಡು ಅಲ್ಲೇ ನಿಂತಿದ್ದರು, ಗೊಳೋ ಅಂತ ಅಳ್ತಿದ್ದರು. ಹೆಜ್ಜೆ ಮಾತ್ರ ಮುಂದಿಡಲಿಲ್ಲ. ಆ ಕೋಪ ನನಗೆ ಇವತ್ತಿಗೂ ಇಳಿದಿಲ್ಲ.

ಆಗ ಮುತ್ಯಾಲಮ್ಮ ಬಂದಳು. ತಲೆ ಕೆದರಿ, ಸೀರೆ ತುಂಬ ಮಗನ ವಾಂತಿ. ಅವರ ಕೈಯಿಂದ ಕೂಸನ್ನ ಕಿತ್ಕೊಂಡಳು.

"ಏಯ್ ಮುತ್ಯಾಲಮ್ಮ, ಮಾರಿ ಹಿಡ್ಕೊಳ್ತಾಳೆ!" ಅಂತ ಯಾರೋ ಅರಚಿದ.

"ಹಿಡಿಯೋಕೆ ಇನ್ನೇನು ಉಳಿಸವ್ಳೆ?" ಅಂದು, ಬಗ್ಗಿ ಒಳಗೆ ಬಂದಳು.

ಊರಬಾಗಿಲ ಚಪ್ಪಡಿ ಮೇಲೆ ಕೂತ್ವಿ. ಸೀಸೆ ತುದಿ ಮುರಿಯೋವಾಗ ಗಾಜು ನನ್ನ ಬೆರಳು ಕುಯ್ತು. ಅವಳು ಕೂಸಿನ ತಲೆಯನ್ನ ತೊಡೆ ಮೇಲಿಟ್ಟುಕೊಂಡು ಬಾಯಿ ಬಿಡಿಸಿದಳು. ಕುಡಿಸಿದ್ವಿ. ಕಕ್ಕಿಬಿಟ್ಟಳು. ಇನ್ನೊಂದು ಮುರಿದೆ. ಆಮೇಲೆ ಚೊಂಬಿನ ನೀರನ್ನ ಹನಿ ಹನಿಯಾಗಿ ಬಿಡ್ತಾನೇ ಇದ್ವಿ. ಹೊತ್ತು ಇಳಿಯೋ ಹೊತ್ತಿಗೆ ವಾಂತಿ ನಿಂತಿತು. ಶ್ಯಾಮಲ ಕಣ್ಣು ಬಿಟ್ಟು, "ಅವ್ವಾ, ನೀರು," ಅಂದಳು.

ಹೊತ್ತು ಮುಳುಗಿ ಹಗ್ಗ ಬಿಚ್ಚಿದರು. ಯಜಮಾನರು ಓಡಿ ಬಂದು ಮಗಳ ಪಾದ ಮುಟ್ಟಿ ನೋಡಿದರು. ಬೆಚ್ಚಗಿತ್ತು. ಮುತ್ಯಾಲಮ್ಮ ಅವರ ಕಡೆ ತಿರುಗಲೂ ಇಲ್ಲ. ಪೆಟ್ಟಿಗೆಯಿಂದ ಒಂದು ಸೀಸೆ ತೆಗೆದು ಕಣ್ಣ ಹತ್ತಿರ ಹಿಡಿದಳು. ಪೆಟ್ಟಿಗೇಲಿ ಇನ್ನೂ ಬೇಕಾದಷ್ಟಿದ್ದವು.

"ಇಷ್ಟೇನಾ ಅಕ್ಕಾ?" ಅಂದಳು. "ಒಂದು ಗುಟುಕೂ ಇಲ್ವಲ್ಲ."

ಅವಳು ಆ ಸೀಸೇನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಇದು ನನ್ನ ಮಗನ ಪಾಲಿಂದು," ಅಂದು, ಹುಡುಗನನ್ನ ಮಲಗಿಸಿದ್ದ ತೋಪಿನ ಕಡೆ ನಡೆದಳು. ದೊಣ್ಣೆ ಹಿಡಿದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.