ಪಟ್ಟಿಯಲ್ಲಿ ಇಲ್ಲದ ಹೆಸರು

ನಮ್ಮ ಕೆಲ್ಸೋ ಕೌಂಟಿಯ ಮಿಲ್ ರಸ್ತೆಯಲ್ಲಿ ಆ ವಾರ ಎಲ್ಲರ ಬಾಯಲ್ಲೂ ಒಂದೇ ಮಾತು. ಬಹಳ ದಿನದಿಂದ ಖಾಲಿ ಬಿದ್ದಿದ್ದ ಹಸಿರು ಮನೆಗೆ ಹೊಸಬನೊಬ್ಬ ಬಾಡಿಗೆಗೆ ಬಂದಿದ್ದ. ಒಂಟಿ ಗಂಡಸು. ಯಾರ ಜೊತೆಗೂ ಮಾತಿಲ್ಲ. ಹಗಲು ಹೊತ್ತಿನಲ್ಲೂ ಕಿಟಕಿಯ ಪರದೆ ಎಳೆದೇ ಇರುತ್ತಿತ್ತು. ಆ ಮನೆಯ ಎದುರಿಗೇ ಮಕ್ಕಳು ಶಾಲೆಯ ಬಸ್ಸಿಗೆ ಕಾಯುತ್ತಿದ್ದರು.

ಅದೇ ರಸ್ತೆಯಲ್ಲಿ ವರ್ನಾ ಟಿಬ್ಬೆಟ್ಸ್ ಇದ್ದಳು. ವಯಸ್ಸು ಅರವತ್ತರ ಹತ್ತಿರ. ಶಾಲೆಯ ಅಡುಗೆಮನೆಯಲ್ಲಿ ಕೆಲಸ. ಗಂಡ ಏಮಸ್ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಮಗಳು ಟೆಸ್ ನದಿಯ ಸರಕುದೋಣಿಯಲ್ಲಿ ಅಡುಗೆಯವಳು. ಒಮ್ಮೆ ದೋಣಿ ಹತ್ತಿದರೆ ಇಪ್ಪತ್ತೆಂಟು ದಿನ ಮನೆಯ ಮುಖ ನೋಡುವಂತಿಲ್ಲ. ಹಾಗಾಗಿ ಟೆಸ್‌ಳ ಮಗಳು, ಒಂಬತ್ತು ವರ್ಷದ ಕೋರಲೀ, ಅಜ್ಜಿಯ ಬಳಿಯೇ ಬೆಳೆಯುತ್ತಿದ್ದಳು.

ಬುಧವಾರ ಸಂಜೆ ಪಕ್ಕದ ಮನೆಯ ರಾಯ್ಸ್ ಬೇಲಿಯ ಹತ್ತಿರ ಬಂದು ಕೂಗಿದ.

"ವರ್ನಾ, ಬಾ ಇಲ್ಲಿ. ಇದನ್ನ ನೋಡು." ಫೋನನ್ನು ಅವಳ ಮುಖದ ಮುಂದೆ ಹಿಡಿದ. "ಹಸಿರು ಮನೆಯವನ ಹೆಸ್ರು ಲೊನ್ನೀ ಹ್ಯಾಸ್ಕೆಟ್ ಅಂತೆ. ಇಲ್ಲಿ ಓದು. 'ಲೊನ್ನೀ ಹ್ಯಾಸ್ಕೆಟ್, ಮಕ್ಕಳ ಮೇಲಿನ ಲೈಂಗಿಕ ಅಪರಾಧಿ.'"

ವರ್ನಾ ಫೋನನ್ನು ಕೈಗೆ ತೆಗೆದುಕೊಂಡು ಓದಿದಳು. "ಯಾರು ಕಳ್ಸಿದ್ದು ಇದನ್ನ?"

"ಯಾರೋ ಕಳ್ಸಿದ್ರು, ನಾನು ಮೂವತ್ತು ಜನಕ್ಕೆ ಕಳ್ಸಿದೆ. ಶನಿವಾರ ನಾವು ನಾಲ್ಕೈದು ಜನ ಹೋಗಿ ಅವನ ಬಾಗ್ಲ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೀತೀವಿ. ತಾನಾಗೇ ಗಂಟುಮೂಟೆ ಕಟ್ತಾನೆ."

"ಷೆರೀಫ್ ಆಫೀಸಲ್ಲಿ ಕೇಳ್ಬಾರ್ದಾ ಮೊದ್ಲು?"

"ಕೇಳಿ ಏನು ಕಡಿದು ಕಟ್ಟೆ ಹಾಕೋದು? ಇಂಥ ಅಪರಾಧಿಗಳ ಪಟ್ಟಿಗಿಟ್ಟಿ ಎಲ್ಲಾ ಅವರ ಬೀರುವಿನಲ್ಲಿ ಕೊಳೀತಾ ಬಿದ್ದಿರುತ್ತೆ. ನಮ್ಮಂಥೋರ ಕಣ್ಣಿಗೆ ತೋರಿಸ್ತಾರಾ?"

ವರ್ನಾಗೂ ಹಾಗೇ ಅನ್ನಿಸಿತ್ತು. ಅಂಥ ಪಟ್ಟಿ ಪೊಲೀಸರದ್ದು, ಜನರದ್ದಲ್ಲ ಎಂದೇ ಅವಳು ತಿಳಿದಿದ್ದಳು. ಆದರೆ ಮರುದಿನ ಬೆಳಿಗ್ಗೆ ಕೋರಲೀಯನ್ನು ಬಸ್ಸಿಗೆ ಬಿಡಲು ಮನಸ್ಸು ಬಾರದೆ ತಾನೇ ಕಾರಿನಲ್ಲಿ ಕರೆದೊಯ್ದಾಗ ಒಂದು ನಿರ್ಧಾರಕ್ಕೆ ಬಂದಳು. ಹೀಗೆ ಹೆದರಿಕೊಂಡು ಎಷ್ಟು ದಿನ? ನಿಜವೋ ಸುಳ್ಳೋ ಇವತ್ತೇ ತಿಳಿಯಬೇಕು.

ಮಧ್ಯಾಹ್ನ ಮಕ್ಕಳ ಊಟ ಮುಗಿದದ್ದೇ ಏಪ್ರನ್ ಬಿಚ್ಚಿ, ಕೈಯ ಈರುಳ್ಳಿ ವಾಸನೆಯೂ ಹೋಗುವ ಮೊದಲೇ ಕೌಂಟಿಯ ಪೊಲೀಸ್ ಕಚೇರಿಯಾದ ಷೆರೀಫ್ ಆಫೀಸಿಗೆ ಹೋದಳು. ಅಪರಾಧಿಗಳ ನೋಂದಣಿಯ ಕೌಂಟರಿನ ಹಿಂದೆ ಡೆಲ್ಫೀನ್ ಕೂತಿದ್ದಳು. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು.

"ಏನೇ ಇದು, ದಾರಿ ತಪ್ಪಿ ಬಂದ್ಯಾ?" ಎಂದು ಡೆಲ್ಫೀನ್ ನಕ್ಕಳು. ವರ್ನಾಳ ಮುಖ ಕಂಡು ನಗು ನಿಲ್ಲಿಸಿದಳು. "ಕೂತ್ಕೋ. ಏನಾಯ್ತು?"

ವರ್ನಾ ಎಲ್ಲ ಹೇಳಿದಳು. ಕೊನೆಗೆ, "ಆ ಪಟ್ಟಿ ನಂಗೆ ತೋರಿಸೋಕೆ ನಿಮ್ಮ ಸಾಹೇಬ್ರ ಒಪ್ಪಿಗೆ ಬೇಕೇನೋ," ಎಂದಳು.

"ಯಾರ ಒಪ್ಪಿಗೆಯೂ ಬೇಡ ಕಣೇ. ಅದು ಸಾರ್ವಜನಿಕ ದಾಖಲೆ. ನಿನ್ನ ಫೋನಲ್ಲೇ ಸಿಗುತ್ತೆ. ದುಡ್ಡಿಲ್ಲ, ಅರ್ಜಿ ಇಲ್ಲ, ಯಾಕೆ ನೋಡ್ತೀಯ ಅಂತ ಕೇಳೋರೂ ಇಲ್ಲ." ಡೆಲ್ಫೀನ್ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದಳು. "ಸರ್ಕಾರಿ ಜಾಲತಾಣಕ್ಕೇ ಹೋಗ್ಬೇಕು, ಅಷ್ಟೇ. ಯಾರೋ ಕಳ್ಸಿದ ಸಂದೇಶ ನಂಬೋದಲ್ಲ. ಹೆಸ್ರು ಹಾಕಿ ಹುಡುಕ್ಬಹುದು, ಇಲ್ಲಾ ನಿನ್ನ ಮನೆ ವಿಳಾಸ ಹಾಕಿದ್ರೆ ಸುತ್ತಮುತ್ತ ಯಾರಿದ್ದಾರೆ ಅಂತ ತೋರಿಸುತ್ತೆ. ಹ್ಯಾಸ್ಕೆಟ್ ಅಂದ್ಯಲ್ಲಾ? ನೋಡು."

ಪರದೆಯ ಮೇಲೆ ಒಂದು ಮುಖ ಬಂತು. ಬೋಳುತಲೆ, ದಪ್ಪ ಕುತ್ತಿಗೆ, ಕುತ್ತಿಗೆಯ ಮೇಲೆ ಹದ್ದಿನ ಹಚ್ಚೆ. ವಯಸ್ಸು ಅರವತ್ತೆರಡು. ವಿಳಾಸ ಇನ್ನೂರು ಮೈಲಿ ಆಚೆಯ ಬೇರೆ ಕೌಂಟಿಯದು.

ವರ್ನಾ ಕಣ್ಣು ಕಿರಿದು ಮಾಡಿ ನೋಡಿದಳು. "ಇವ್ನಲ್ಲ. ನಮ್ಮ ರಸ್ತೆಯವನಿಗೆ ಮೂವತ್ತೈದೂ ದಾಟಿಲ್ಲ. ತಲೆ ತುಂಬ ಕೆಂಚು ಕೂದ್ಲು."

"ಹೆಸ್ರು ಒಂದೇ, ಆಸಾಮಿ ಬೇರೆ. ಅದಕ್ಕೇ ಫೋಟೋ, ವಯಸ್ಸು, ವಿಳಾಸ ಮೂರೂ ಕೂಡಿಸಿ ನೋಡ್ಬೇಕು. ಅನುಮಾನ ಉಳಿದ್ರೆ ನಮಗೆ ಫೋನ್ ಮಾಡ್ಬೇಕು. ಬಾಗ್ಲಿಗೆ ಬಣ್ಣ ಬಳಿಯೋದಲ್ಲ. ಪಟ್ಟೀಲಿ ನಿಜವಾಗ್ಲೂ ಹೆಸ್ರಿದ್ದೋನಿಗೆ ಹಾಗೆ ಕಾಟ ಕೊಟ್ರೂ ಅದು ಅಪರಾಧವೇ. ರಾಯ್ಸ್‌ನ ನಾನೇ ಒಳಗೆ ಕೂರಿಸ್ಬೇಕಾಗುತ್ತೆ."

"ಈ ಪಟ್ಟಿಗೆ ಹೆಸ್ರು ಹ್ಯಾಗೆ ಸೇರುತ್ತೆ? ನೀವೇ ಬರ್ಕೋತೀರಾ?"

"ಇಲ್ಲಪ್ಪಾ. ಕೋರ್ಟಲ್ಲಿ ತಪ್ಪು ಸಾಬೀತಾಗ್ಬೇಕು. ಆಮೇಲೆ ಅವ್ರು ಈ ಕೌಂಟರಿಗೇ ಬಂದು ನಿಲ್ಬೇಕು. ಫೋಟೋ, ಬೆರಳಚ್ಚು, ಮನೆ ಎಲ್ಲಿ, ಕೆಲ್ಸ ಎಲ್ಲಿ, ಯಾವ ಗಾಡಿ ಓಡಿಸ್ತಾರೆ, ಎಲ್ಲಾ ಬರೆಸ್ಬೇಕು. ಮನೆ ಬದಲಾದ್ರೆ ಮೂರು ದಿನದೊಳಗೆ ಹೇಳ್ಬೇಕು. ಅಪರಾಧ ಎಂಥದ್ದು ಅನ್ನೋದರ ಮೇಲೆ ಕೆಲವ್ರು ವರ್ಷಕ್ಕೊಂದು ಸಲ ಬರ್ತಾರೆ, ಕೆಲವ್ರು ಮೂರು ತಿಂಗಳಿಗೊಂದು ಸಲ. ಬರದೆ ಇದ್ರೆ, ಸುಳ್ಳು ಬರೆಸಿದ್ರೆ, ಅದಕ್ಕೇ ಬೇರೆ ಕೇಸು."

ವರ್ನಾ ನಿಟ್ಟುಸಿರು ಬಿಟ್ಟಳು. "ಸದ್ಯ. ಹಂಗಾದ್ರೆ ಇನ್ನು ಭಯ ಇಲ್ಲ."

"ಹಾಗಂತ ನಾನು ಹೇಳ್ಲಿಲ್ಲ." ಡೆಲ್ಫೀನ್ ದನಿ ತಗ್ಗಿಸಿದಳು. "ಇದು ಸಿಕ್ಕಿಬಿದ್ದವರ ಪಟ್ಟಿ ವರ್ನಾ. ಅದರಲ್ಲೂ ಕೆಲವರ ಹೆಸ್ರು ಹೊರಗೆ ತೋರಿಸಲ್ಲ. ಸಿಕ್ಕದೇ ಇರೋರ ಹೆಸ್ರು ಇಲ್ಲಿರೋದೇ ಇಲ್ಲ. ಇಪ್ಪತ್ತು ವರ್ಷದಿಂದ ಈ ಕುರ್ಚೀಲಿ ಕೂತಿದ್ದೀನಿ. ಮಕ್ಕಳಿಗೆ ಕೆಟ್ಟದ್ದು ಮಾಡೋರು ಬಹಳ ಮಟ್ಟಿಗೆ ಹೊಸಬರಲ್ಲ. ಮನೆಗೆ ಬಂದು ಕಾಫಿ ಕುಡಿದು ಹೋಗೋರೇ. ಕೋರಲೀ ಜೊತೆ ಒಂದ್ಸಲ ಮಾತಾಡು. ಯಾರಾದ್ರೂ ಗುಟ್ಟು ಇಟ್ಕೋ ಅಂತಾರಾ ಅಂತ ಕೇಳು."

ವರ್ನಾಗೆ ಸಿಟ್ಟೇ ಬಂತು. "ನಮ್ಮನೇಲಿ ಅಂಥದ್ದೆಲ್ಲ ಇಲ್ಲ ಬಿಡು."

"ಇಲ್ಲದಿದ್ರೆ ಒಳ್ಳೇದೇ. ಕೇಳಿದ್ರೆ ನಷ್ಟ ಏನು?"

ಮನೆಗೆ ಬಂದವಳೇ ವರ್ನಾ ಮೊದಲು ರಾಯ್ಸ್‌ನ ಬಾಗಿಲು ಬಡಿದಳು. ಪಟ್ಟಿಯ ಆ ಪುಟವನ್ನು ಕಾಗದದ ಮೇಲೆ ತೆಗೆಸಿಕೊಂಡು ಬಂದಿದ್ದಳು. "ಓದು. ಜೋರಾಗಿ ಓದು."

ರಾಯ್ಸ್ ಓದಿದ. ವಯಸ್ಸಿನ ಸಾಲಿಗೆ ಬಂದಾಗ ಅವನ ದನಿ ಇಳಿಯಿತು. "ನಂಗೇನು ಗೊತ್ತು? ಹೆಸ್ರು ಅದೇ ಇತ್ತು..."

"ಹಸಿರು ಮನೆಯವ್ನು ರಾತ್ರಿ ಪಾಳಿ ಮಾಡ್ತಾನಂತೆ, ಕಾಗದದ ಕಾರ್ಖಾನೇಲಿ. ಹಗಲು ಮಲಗ್ತಾನೆ, ಪರದೆ ಎಳೀತಾನೆ. ದಾರೀಲಿ ಮನೆ ಮಾಲೀಕಳ್ನ ಕೇಳ್ಕೊಂಡು ಬಂದೆ; ನೀನೂ ಒಂದು ಮಾತು ಕೇಳಿದ್ರೆ ಸಾಕಿತ್ತು. ಈಗ ಆ ಮೂವತ್ತು ಜನಕ್ಕೂ ನೀನೇ ಕಳ್ಸು, ಇದು ಸುಳ್ಳು ಅಂತ. ನನ್ನ ಕಣ್ಣೆದುರಿಗೇ ಕಳ್ಸು."

ರಾಯ್ಸ್ ಹೆಬ್ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತುತ್ತ ಬರೆದು ಮುಗಿಸುವವರೆಗೂ ಅವಳು ಮೆಟ್ಟಿಲ ಮೇಲೆ ನಿಂತಿದ್ದಳು.

ಆ ಸಂಜೆ ಅಜ್ಜಿ ಮೊಮ್ಮಗಳು ಅಡುಗೆಮನೆಯ ಮೇಜಿನ ಮುಂದೆ ಕೂತು ಬೀನ್ಸ್ ಮುರಿಯುತ್ತಿದ್ದರು. ಡೆಲ್ಫೀನಳ ಮಾತು ವರ್ನಾಳ ಮನಸ್ಸಿನಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು. ಕೇಳಿಯೇಬಿಡೋಣ ಎಂದುಕೊಂಡಳು.

"ಪುಟ್ಟೀ, ದೊಡ್ಡೋರು ಯಾರಾದ್ರೂ ನಿಂಗೆ ಗುಟ್ಟು ಇಟ್ಕೋ ಅಂತ ಹೇಳಿದ್ದಾರಾ?"

ಕೋರಲೀಯ ಕೈ ನಿಂತಿತು. ಅರ್ಧ ಮುರಿದ ಬೀನ್ಸನ್ನು ಮೇಜಿನ ಮೇಲಿಟ್ಟಳು. ಆಮೇಲೆ, "ಗುಟ್ಟು ಹೇಳ್ಬಿಟ್ರೆ ಅಮ್ಮನ ಕೆಲ್ಸ ಹೋಗುತ್ತಾ ಅಜ್ಜಿ?"

 ವರ್ನಾ ದನಿ ಬದಲಾಗದಂತೆ ನೋಡಿಕೊಂಡಳು. "ಖಂಡಿತ ಹೋಗಲ್ಲ. ಯಾರು ಹಾಗಂದಿದ್ದು?"

"ವೆಂಡೆಲ್ ತಾತ. ಚರ್ಚಲ್ಲಿ ಹಾಡಿನ ತರಗತಿ ಮುಗಿದ ಮೇಲೆ ಎಲ್ಲರನ್ನೂ ಮನೆಗೆ ಬಿಟ್ಟು, ನನ್ನನ್ನ ಕೊನೇಲಿ ಬಿಡ್ತಾರೆ. ವ್ಯಾನ್ ನಿಲ್ಲಿಸ್ತಾರೆ. ನನ್ನ ಮೈ ಮುಟ್ತಾರೆ. ನಂಗೆ ಬೇಡ ಅಂದ್ರೂ."

ವೆಂಡೆಲ್ ವರ್ನಾಳ ಮೈದುನ, ಏಮಸ್‌ನ ಸ್ವಂತ ತಮ್ಮ. ಹದಿನಾಲ್ಕು ವರ್ಷದಿಂದ ಚರ್ಚಿನ ವ್ಯಾನ್ ಓಡಿಸುತ್ತಿದ್ದ. ಏಮಸ್ ಹೋದ ಮೇಲೆ ಚಳಿಗಾಲದಲ್ಲಿ ಅವಳ ಅಂಗಳದ ಹಿಮ ತೆಗೆದವನು ಅವನೇ. ಭಾನುವಾರ ಅವಳ ಕೈಯ ಜೋಳದ ಬ್ರೆಡ್ಡು ತಿಂದವನು ಅವನೇ. ಆ ಕ್ಷಣ ವರ್ನಾಗೆ ಎದ್ದು ಹೋಗಿ ಅವನ ಕುತ್ತಿಗೆ ಹಿಡಿಯಬೇಕೆನಿಸಿತು. ಆದರೆ ಮಗು ತನ್ನ ಮುಖವನ್ನೇ ನೋಡುತ್ತಿತ್ತು.

"ನೀನು ಹೇಳಿದ್ದು ತುಂಬಾ ಒಳ್ಳೇದಾಯ್ತು," ಎಂದಳು. "ನಿನ್ನ ಮಾತು ನಂಬ್ತೀನಿ. ನಿಂದೇನೂ ತಪ್ಪಿಲ್ಲ. ಇನ್ನು ಆ ವ್ಯಾನ್ ನೀನು ಹತ್ತೋದಿಲ್ಲ."

ಮಗುವಿಗೆ ಕೇಳಿಸದಂತೆ ಅಂಗಳಕ್ಕೆ ಬಂದು ಡೆಲ್ಫೀನಳಿಗೆ ಫೋನು ಮಾಡಿದಳು.

"ಮಗೂನ ಕೆದಕಿ ಕೆದಕಿ ಕೇಳ್ಬೇಡ," ಎಂದಳು ಡೆಲ್ಫೀನ್. "ಅದಕ್ಕೆ ತರಬೇತಿ ಇರೋ ಹೆಂಗಸ್ರಿದ್ದಾರೆ, ಅವ್ರು ಒಂದೇ ಸಲ ಕೇಳಿ ದಾಖಲೆ ಮಾಡ್ಕೋತಾರೆ. ವೆಂಡೆಲ್‌ಗೆ ಫೋನ್ ಮಾಡ್ಬೇಡ, ಬಯ್ಯಕ್ಕೂ ಹೋಗ್ಬೇಡ. ಎಚ್ಚೆತ್ತುಕೊಂಡ್ರೆ ಸಾಕ್ಷಿ ಅಳಿಸ್ತಾನೆ. ಮಗು ಹೇಳಿದ ಮಾತನ್ನ ಹೇಳಿದ ಹಾಗೇ ಬರೆದಿಡು. ತನಿಖೆಯೋರನ್ನ ಈಗ್ಲೇ ಕಳಿಸ್ತೀನಿ."

ಅವತ್ತೇ ದೂರು ದಾಖಲಾಯಿತು. ದೋಣಿಯಲ್ಲಿದ್ದ ಟೆಸ್‌ಗೆ ವರ್ನಾ ತಾನೇ ಸುದ್ದಿ ಹೇಳಿದಳು. ಟೆಸ್ ದೋಣಿ ನಿಂತ ಮುಂದಿನ ದಡದಲ್ಲೇ ಇಳಿದು, ಬಸ್ಸಿನಲ್ಲಿ ಹದಿನೇಳು ಗಂಟೆ ಕೂತು ಮನೆಗೆ ಬಂದಳು.

ಪೊಲೀಸರು ವೆಂಡೆಲ್‌ನನ್ನು ಹಿಡಿದ ಮೂರನೆಯ ದಿನ ನಾದಿನಿ ಐನಾ, ವೆಂಡೆಲ್‌ನ ಅಕ್ಕ, ಬಂದಳು. ಒಳಗೆ ಕಾಲಿಡುವ ಮೊದಲೇ ಶುರು ಮಾಡಿದಳು.

"ಮನೆ ಮಾತನ್ನ ಬೀದಿಗೆ ಎಳೆದ್ಯಲ್ಲಾ ವರ್ನಾ! ನಮ್ಮಣ್ಣ ಬದುಕಿದ್ದಿದ್ರೆ ಏನಂತಿದ್ದ? ಎಲ್ಲಾ ಸಾರ್ವಜನಿಕ ದಾಖಲೆಗೆ ಹೋಗುತ್ತೆ. ನಾಳೆ ಆ ಹುಡುಗಿ ಹೆಸ್ರೂ ಊರೆಲ್ಲಾ ಓದುತ್ತೆ."

ಈ ಮಾತಿಗೆ ವರ್ನಾಳೂ ಹೆದರಿದ್ದಳು. ಹೆದರಿ, ಆಗಲೇ ಹೋಗಿ ಕೇಳಿ ಬಂದಿದ್ದಳು. "ಮಗುವಿನ ಹೆಸ್ರು ಎಲ್ಲೂ ಬರಲ್ಲ ಐನಾ. ಕೋರ್ಟಿನ ಕಾಗದ ಯಾರು ಬೇಕಾದ್ರೂ ಕೇಳಿ ನೋಡ್ಬಹುದು, ಆದ್ರೆ ಮಗುವಿನ ಗುರುತು ಮುಚ್ಚಿಟ್ಟಿರ್ತಾರೆ. ಹೊರಗೆ ಬರೋದು ನಿನ್ನ ತಮ್ಮನ ಹೆಸ್ರು."

"ಮನೆತನದ ಮಾನ ಏನಾಗ್ಬೇಕು?"

"ಮಾನ ಹೋಗಿದ್ದು ಅವ್ನು ಮಾಡಿದ್ದಕ್ಕೆ. ಕೋರಲೀ ಹೇಳಿದ್ದಕ್ಕಲ್ಲ. ನಾನು ಹಿಂದೆ ಸರಿಯಲ್ಲ. ನೀನು ಕೂರೋದಾದ್ರೆ ಕೂರು, ಕಾಫಿ ಮಾಡ್ತೀನಿ. ಈ ಮಾತು ಮಾತ್ರ ಇಲ್ಲಿಗೆ ಮುಗೀತು."

ಐನಾ ಕೂರಲಿಲ್ಲ. ಚರ್ಚಿನಲ್ಲಿ ಕೆಲವರು ವರ್ನಾಳ ಪಕ್ಕದ ಆಸನ ಬಿಟ್ಟು ಬೇರೆ ಕಡೆ ಕೂತರು. ಅವಳು ಪ್ರತಿ ಭಾನುವಾರ ಹೋಗಿ, ತಾನು ಯಾವಾಗಲೂ ಕೂರುವ ಜಾಗದಲ್ಲೇ ಕೂತಳು.

ಎರಡು ತಿಂಗಳಾದ ಮೇಲೆ, ಇಪ್ಪತ್ತರ ಆಸುಪಾಸಿನ ಹೆಂಗಸೊಬ್ಬಳು ತಾನಾಗಿ ಷೆರೀಫ್ ಆಫೀಸಿಗೆ ಬಂದಳು. ತಾನೂ ಚಿಕ್ಕವಳಿದ್ದಾಗ ಆ ವ್ಯಾನಿನಲ್ಲಿ ಹೋಗುತ್ತಿದ್ದೆ ಎಂದಳು. ಅವಳ ಹಿಂದೆ ಇನ್ನೊಬ್ಬಳು ಬಂದಳು. ಹನ್ನೊಂದು ತಿಂಗಳಿಗೆ ವೆಂಡೆಲ್ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡ. ಆರು ವರ್ಷ ಶಿಕ್ಷೆಯಾಯಿತು. ಹೊರಬಂದ ಮೂರು ದಿನದೊಳಗೆ ಅವನು ನೋಂದಣಿ ಮಾಡಿಸಬೇಕು, ಜೀವ ಇರುವವರೆಗೂ ಮೂರು ತಿಂಗಳಿಗೊಮ್ಮೆ ಬಂದು ನಿಲ್ಲಬೇಕು ಎಂದು ತೀರ್ಪಿನಲ್ಲಿ ಬರೆಯಲಾಯಿತು. ಅವನು ಬಿಡುಗಡೆಯಾಗುವ ಮೊದಲೇ ತನಗೆ ತಿಳಿಸಬೇಕೆಂದು ಟೆಸ್ ಅಲ್ಲೇ ಹೆಸರು ಬರೆಸಿದಳು.

ಟೆಸ್ ದೋಣಿ ಬಿಟ್ಟು ಈಗ ಆಸ್ಪತ್ರೆಯ ಅಡುಗೆಮನೆಯಲ್ಲಿದ್ದಾಳೆ. ಕೋರಲೀ ವಾರಕ್ಕೊಮ್ಮೆ ಮಕ್ಕಳ ಸಲಹೆಗಾರ್ತಿಯ ಬಳಿ ಹೋಗುತ್ತಾಳೆ. ಮೊದಮೊದಲು ಹಾಡಲು ಒಲ್ಲೆನೆಂದವಳು ಈ ವಸಂತದಲ್ಲಿ ಮತ್ತೆ ಹಾಡಿನ ತರಗತಿಗೆ ಸೇರಿದಳು. ಚರ್ಚಿನವರು ಹೊಸ ನಿಯಮ ಮಾಡಿದ್ದಾರೆ: ಹಿರಿಯರು ಇಬ್ಬರಿಲ್ಲದೆ ವ್ಯಾನ್ ಹೊರಡುವಂತಿಲ್ಲ; ಯಾವ ಮಗುವೂ ಒಂಟಿಯಾಗಿ ಕೊನೆಗೆ ಉಳಿಯುವಂತಿಲ್ಲ. ಆ ನಿಯಮಕ್ಕಾಗಿ ನಾಲ್ಕು ಸಭೆಗಳಲ್ಲಿ ಎದ್ದು ನಿಂತು ಜಗಳವಾಡಿದವಳು ವರ್ನಾ.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಆ ಪಟ್ಟಿ ನಿಮ್ಮದು. ಇವತ್ತೇ ಸರ್ಕಾರಿ ತಾಣದಲ್ಲಿ ನಿಮ್ಮ ವಿಳಾಸ ಹಾಕಿ ನೋಡಿ. ಹತ್ತಿರಕ್ಕೆ ಯಾರಾದರೂ ಬಂದರೆ ನಿಮಗೆ ತಿಳಿಸುವಂತೆ ಇಮೇಲ್ ಕೊಟ್ಟಿಡಿ. ಗಾಳಿಮಾತು ಕೈಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಫೋಟೋ, ವಯಸ್ಸು, ವಿಳಾಸ ತಾಳೆ ನೋಡಿ, ಷೆರೀಫ್ ಆಫೀಸಿಗೆ ಕೇಳಿ. ತಿಳಿದ ಮೇಲೆ ಮಕ್ಕಳನ್ನು ಕಾಯಿರಿ, ಯಾರ ಮೇಲೂ ಕಲ್ಲೆತ್ತಬೇಡಿ.

ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಫೋನು ಕೆಳಗಿಟ್ಟು ನಿಮ್ಮ ಮಗುವಿನ ಪಕ್ಕ ಕೂರಿ. ಕೇಳಿ. ಅದು ಹೇಳಿದ ಹೆಸರು ನಿಮಗೆ ಎಷ್ಟೇ ಬೇಕಾದವರದ್ದಾಗಿರಲಿ, ಮಗುವನ್ನೇ ನಂಬಿ, ದೂರು ಕೊಡಿ. ಯಾವ ಹೆಸರೂ ತಾನಾಗಿ ಆ ಪಟ್ಟಿಗೆ ಹತ್ತುವುದಿಲ್ಲ. ಒಂದು ಮಗು ಬಾಯಿಬಿಡಬೇಕು, ಒಬ್ಬ ದೊಡ್ಡವರು ಅದನ್ನು ನಂಬಬೇಕು. ಆ ದೊಡ್ಡವರು ನೀವಾಗಿ.