ಕಾಲುವೆ ದಿಬ್ಬದ ಮೇಲೆ ಹಾರಿದ ಸೈಕಲ್

ಮಂಡಿಯ ಶಸ್ತ್ರಚಿಕಿತ್ಸೆಯಾದ ಮೇಲೆ ಎರಡು ವರ್ಷ ಲೋರ್ನಾ ಸೈಕಲ್ ಹತ್ತಿರಲಿಲ್ಲ. ಪಶ್ಚಿಮ ಕೊಲರಾಡೊದ ಆ ಊರಿನಲ್ಲಿ ಅದು ಸಣ್ಣ ಸಂಗತಿಯಲ್ಲ. ಶನಿವಾರ ಬೆಳಗಾದರೆ ಮನೆಗೊಂದು ಕಾರು ಬೆನ್ನ ಮೇಲೆ ಸೈಕಲ್ಲುಗಳನ್ನು ಹೊತ್ತು ಕೆಂಪು ಬಂಡೆಗಳ ಕಡೆ ಹೊರಡುತ್ತದೆ. ಲೋರ್ನಾ ಕಾಫಿ ಹಿಡಿದು ಕಿಟಕಿಯಲ್ಲಿ ನಿಂತು, ಗಾಳಿಗೆ ತಮ್ಮಷ್ಟಕ್ಕೆ ತಿರುಗುತ್ತಾ ದೂರವಾಗುವ ಆ ಚಕ್ರಗಳನ್ನು ನೋಡುತ್ತಿದ್ದಳು. ಕಾಫಿ ಆರಿ ಹೋಗುತ್ತಿತ್ತು.

ಮೇ ತಿಂಗಳಲ್ಲಿ ಗಂಡ ಓರಿನ್ ಎರಡು ಬ್ಯಾಟರಿ ಸೈಕಲ್ ತಂದ. ಅವಳದ್ದಕ್ಕೆ ಮೇಲಿನ ಅಡ್ಡಕಂಬಿ ಇಲ್ಲ, ಕಾಲು ಎತ್ತದೆಯೇ ಹತ್ತಬಹುದು. ಶನಿವಾರ ಓರಿನ್ ಸೈಕಲ್ ಹೊರುವ ತನ್ನ ಹಳೆಯ ರ‍್ಯಾಕನ್ನು ಕಾರಿನ ಹಿಂಭಾಗದ ಹಿಚ್‌ಗೆ, ಅಂದರೆ ಬಂಪರಿನಡಿಯ ಚೌಕ ಕೊಳವೆಗೆ, ಸಿಕ್ಕಿಸಿದ. ಅದು ಎರಡು ತೋಳು ಚಾಚಿ ಸೈಕಲ್ಲುಗಳನ್ನು ಅಡ್ಡಕಂಬಿಯಿಂದ ನೇತುಹಾಕಿಕೊಳ್ಳುವ ಬಗೆಯದು. ಲೋರ್ನಾಳ ಸೈಕಲ್ಲಿಗೆ ಅಡ್ಡಕಂಬಿ ಇಲ್ಲವಲ್ಲ, ಸೀಟಿನಿಂದ ಹ್ಯಾಂಡಲಿಗೆ ಒಂದು ಬದಲಿ ಕಂಬಿ ಕಚ್ಚಿಸಿ ತೂಗಿಬಿಟ್ಟ. ಪಟ್ಟಿ ಬಿಗಿದು, ಎರಡು ಸಲ ತಟ್ಟಿ, ಅಲ್ಲಿನ ಗಂಡಸರೆಲ್ಲ ಹೊರೆ ಕಟ್ಟಿದ ಮೇಲೆ ಹೇಳುವ ಮಾತನ್ನೇ ಹೇಳಿದ: "ಇದಿನ್ನು ಎಲ್ಲಿಗೂ ಹೋಗಲ್ಲ."

ಕಾರು ಹೊರಟಿತು. ಕಾಲುವೆ ದಂಡೆಯ ಮರಗಳಿಂದ ಬಿಳಿ ಅರಳೆ ಉದುರುತ್ತಿತ್ತು. ಲೋರ್ನಾ ಪಕ್ಕದ ಕನ್ನಡಿಯಲ್ಲಿ ನೋಡಿದಳು. ಅರಳೆಯ ನಡುವೆ ಒಂದು ಚಕ್ರ ಆ ಕಡೆ, ಈ ಕಡೆ ತೂಗುತ್ತಿತ್ತು. ನೀರಿನಲ್ಲಿ ತೇಲಿ ಬರುವಂತೆ, ತೊಟ್ಟಿಲು ತೂಗಿದಂತೆ. ಎರಡು ವರ್ಷ ಕಂಡ ಕನಸೇ ಹಿಂದೆ ಹಿಂದೆ ಬರುತ್ತಿದೆ ಅನ್ನಿಸಿ ಅವಳಿಗೆ ಮಂಪರು ಹತ್ತಿತು.

ಬೀದಿಯ ಕೊನೆಯಲ್ಲಿ ಡೆಲ್ಫೀನಾ ಕೈ ಅಡ್ಡ ಹಿಡಿದಳು. ಬದಿಮನೆಯವಳು. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿ, ಈಗ ಊರಿನ ಸೈಕಲ್ ಶೆಡ್ಡಿನಲ್ಲಿ ಪುಕ್ಕಟೆ ರಿಪೇರಿ ಮಾಡಿಕೊಡುವವಳು. ಹಿಂದಕ್ಕೆ ಹೋಗಿ ಹೊರಗಿನ ಸೈಕಲ್ಲಿನ ಚಕ್ರ ಹಿಡಿದು ಜಗ್ಗಿದಳು. ಸೈಕಲ್ ಅಲುಗಿತು, ರ‍್ಯಾಕ್ ಅಲುಗಿತು, ಕಾರು ಮಾತ್ರ ಮಿಸುಕಲಿಲ್ಲ.

"ಸರಿಯಾಗಿ ಕೂತಿದ್ರೆ ಇದನ್ನ ಜಗ್ಗಿದಾಗ ಕಾರೂ ಜೊತೆಗೆ ಅಲ್ಲಾಡ್ಬೇಕು. ತಟ್ಟಿದ್ರೆ ಏನ್ ಗೊತ್ತಾಗುತ್ತೆ, ಓರಿನ್? ಅದೇನು ಕಲ್ಲಂಗಡಿ ಹಣ್ಣಾ?"

ಓರಿನ್ ಇಳಿದು ಬಂದ. ಇಪ್ಪತ್ತೆರಡು ವರ್ಷ ಈ ರ‍್ಯಾಕ್ ಒಂದು ಸಲವೂ ಕೈಕೊಟ್ಟಿಲ್ಲ ಎಂದ. ನಿಧಾನವಾಗಿ ಓಡಿಸುತ್ತೇನೆ ಎಂದ. ಟೀಚರಮ್ಮನಿಗೆ ರಜೆಯಲ್ಲೂ ಪಾಠದ ಚಪಲ ಎಂದು ಚುಚ್ಚಿದ. ಡೆಲ್ಫೀನಾ ಉಗುರಿನಿಂದ ಧೂಳು ಕೆರೆದು ರ‍್ಯಾಕಿನ ಮೇಲಿನ ಅಕ್ಷರ ತೋರಿಸಿದಳು. ಸೈಕಲ್ ಒಂದಕ್ಕೆ ಹೆಚ್ಚೆಂದರೆ ಮೂವತ್ತೈದು ಪೌಂಡು. ಹೊಸ ಸೈಕಲ್ ಒಂದೊಂದೂ ಅರವತ್ತೆರಡು.

"ಪುಸ್ತಕದ ಲೆಕ್ಕ ಬೇರೆ, ರಸ್ತೆ ಲೆಕ್ಕ ಬೇರೆ," ಎಂದ ಓರಿನ್.

"ಹಂಗಾದ್ರೆ ರಸ್ತೇನೇ ಕೇಳೋಣ," ಎಂದಳು ಡೆಲ್ಫೀನಾ. ಕಾಲುವೆ ಸೇತುವೆಯ ದಿಬ್ಬ ಎದುರಿಗೇ ಇತ್ತು. ಅವನು ಗಂಟೆಗೆ ಹದಿನೈದು ಮೈಲಿ ವೇಗದಲ್ಲಿ ಅದನ್ನು ದಾಟಬೇಕು. ಹೆಂಗಸರಿಬ್ಬರೂ ಬದಿಗೆ ನಿಂತು ನೋಡಬೇಕು.

ಕಾರಿನ ಹಿಂದಿನ ಚಕ್ರಗಳು ದಿಬ್ಬ ಇಳಿದ ಕ್ಷಣ ಲೋರ್ನಾಳ ಸೈಕಲ್ ಗೇಣೆತ್ತರ ಹಾರಿ, ಅಷ್ಟೂ ಭಾರದೊಂದಿಗೆ ಕೆಳಗೆ ಬಡಿಯಿತು. ರ‍್ಯಾಕಿನ ತೋಳು ಮೀನು ಕಚ್ಚಿದ ಗಾಳದ ಕೋಲಿನಂತೆ ಬಾಗಿತು. ಬದಲಿ ಕಂಬಿ ಹ್ಯಾಂಡಲಿನಿಂದ ಅರ್ಧ ಜಾರಿತ್ತು. ಕನ್ನಡಿಯಲ್ಲಿ ತೊಟ್ಟಿಲಾಗಿ ಕಂಡದ್ದು ಇದೇ. ಲೋರ್ನಾಳ ಮಂಪರು ಇಳಿಯಿತು.

ಓರಿನ್ ಕಿಟಕಿಯಿಂದ ತಲೆ ಹಾಕಿ, ಏನೂ ಆಗಲಿಲ್ಲವಲ್ಲ ಎಂದ.

"ನಿನಗೆ ಕಾಣಲ್ಲ ಓರಿನ್. ನಿನ್ನ ಹಿಂದೆ ಬರೋರಿಗೆ ಕಾಣುತ್ತೆ," ಎಂದಳು ಲೋರ್ನಾ. "ಇಳಿ. ನಾನು ಓಡಿಸ್ತೀನಿ, ನೀನು ಇಲ್ಲಿ ನಿಂತ್ಕೊಂಡು ನೋಡು."

ಅವನು ನಿಂತು ನೋಡಿದ. ಸೈಕಲ್ ಮತ್ತೆ ಹಾರಿ ಬಡಿಯಿತು. ಹೆದ್ದಾರಿಯಲ್ಲಿ ಎಪ್ಪತ್ತು ಮೈಲಿ ವೇಗದಲ್ಲಿ, ಇದು ಹಿಂದಿನ ಕಾರಿನ ಗಾಜಿಗೆ ಬಡಿದಿದ್ದರೆ, ಎನ್ನುತ್ತಾ ಪಟ್ಟಿ ಬಿಚ್ಚತೊಡಗಿದ.

ಆ ದಿನ ಅವರು ಬಂಡೆಗಳ ಕಡೆ ಹೋಗಲಿಲ್ಲ. ಡೆಲ್ಫೀನಾಳ ಶೆಡ್ಡಿನಲ್ಲಿ ಕೂತು ಎರಡು ಬಗೆಯ ರ‍್ಯಾಕುಗಳನ್ನು ಹೋಲಿಸಿದರು. ನೇತುಹಾಕುವುದು ಹಗುರ, ಎತ್ತಿಡುವುದು ಸುಲಭ. ಹಗುರ ಸೈಕಲ್ಲಿಗೆ ಸಾಕು. ಬ್ಯಾಟರಿ ಸೈಕಲ್ಲಿಗೆ ತಟ್ಟೆಯಂಥದ್ದು ಬೇಕು. ಚಕ್ರಗಳೆರಡೂ ತಳದ ತಟ್ಟೆಯಲ್ಲಿ ನಿಲ್ಲುತ್ತವೆ, ಒಂದು ಕೊಕ್ಕೆ ಮುಂದಿನ ಚಕ್ರವನ್ನು ಒತ್ತಿ ಹಿಡಿಯುತ್ತದೆ. ಭಾರ ನೇತಾಡುವುದಿಲ್ಲ, ಕೂರುತ್ತದೆ.

ಅವರ ಹಿಚ್ ಕಿರಿದು. ಅಗಲ ಕೊಳವೆಗೆ ಆಗುವ ರ‍್ಯಾಕ್ ತಂದು ನಡುವೆ ಒಂದು ಜೋಡುತುಂಡು ಸಿಕ್ಕಿಸಿದರಾಯಿತು ಎಂದ ಓರಿನ್. ಡೆಲ್ಫೀನಾ ಅವನ ಕೈಗೆ ನೀರು ತುಂಬಿದ ಬಕೆಟ್ ಕೊಟ್ಟು, ಎದೆಯ ಹತ್ತಿರ ಹಿಡಿ ಎಂದಳು. ಆಮೇಲೆ ತೋಳು ಚಾಚಿ ಹಿಡಿ ಎಂದಳು. ಅವನ ಕೈ ನಡುಗಿತು. ಜೋಡುತುಂಡು ಭಾರವನ್ನು ಕಾರಿನಿಂದ ದೂರ ತಳ್ಳುತ್ತದೆ, ಹಿಚ್ ತಡೆಯುವ ತೂಕ ಕುಸಿಯುತ್ತದೆ ಎಂದು ಅವಳು ಬಿಡಿಸಿ ಹೇಳಬೇಕಾಗಲಿಲ್ಲ.

ಹಿಚ್ ತಡೆಯುವುದು ಇನ್ನೂರು ಪೌಂಡು. ಕಿರಿದಾದ ಹಿಚ್‌ಗೇ ನೇರ ಕೂರುವ ತಟ್ಟೆ ರ‍್ಯಾಕ್ ನಲವತ್ತೆಂಟು, ಸೈಕಲ್ಲುಗಳೆರಡೂ ಸೇರಿ ನೂರ ಇಪ್ಪತ್ತನಾಲ್ಕು. ಬ್ಯಾಟರಿ ಕಳಚಿ ಕಾರಿನೊಳಗಿಟ್ಟರೆ ಇನ್ನೂ ಹಗುರ. ಓರಿನ್ ತಾನೇ ಕೂಡಿ ನೋಡಿ, ಎರಡನೆಯ ಸಲವೂ ಕೂಡಿ, ತಲೆಯಾಡಿಸಿದ.

ಮುಂದಿನ ಶನಿವಾರ ಸೂರ್ಯ ಬಂಡೆಗಳ ನೆತ್ತಿ ಮುಟ್ಟುವ ಹೊತ್ತಿಗೆ ಲೋರ್ನಾ ಕೆಮ್ಮಣ್ಣಿನ ದಾರಿಯಲ್ಲಿದ್ದಳು. ಮಂಡಿ ನೋಯಲಿಲ್ಲ. ಬೆಳಕೇ ತನ್ನನ್ನು ತಳ್ಳುತ್ತಿದೆ ಅನ್ನಿಸಿತು. ಹಿಂದಿನಿಂದ ಓರಿನ್ ಸ್ವಲ್ಪ ನಿಲ್ಲು ಎಂದು ಕೂಗುತ್ತಿದ್ದ. ಅವಳು ನಿಲ್ಲಲಿಲ್ಲ.

ಓದುಗರೇ, ನೀವೂ ಈ ವಾರ ಸೈಕಲ್ ಕಟ್ಟಿ ಹೊರಡುವವರಿರಬಹುದು. ಸೈಕಲ್ಲನ್ನು ತೂಗಿ. ರ‍್ಯಾಕಿನ ಮೇಲೂ ಕಾರಿನ ಪುಸ್ತಕದಲ್ಲೂ ಬರೆದ ತೂಕವನ್ನು ಓದಿ. ಎರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ನಂಬಿ. ಬೋಲ್ಟು ಬಿಗಿದು, ಚಕ್ರ ಹಿಡಿದು ಜಗ್ಗಿ. ನಂಬರು ಫಲಕ, ದೀಪ ಮರೆಯಾಗಿವೆಯೇ ನೋಡಿ. ಹತ್ತು ಮೈಲಿ ಹೋಗಿ ಇಳಿದು ಇನ್ನೊಮ್ಮೆ ಜಗ್ಗಿ. ನಿಮ್ಮ ಹಿಂದಿನ ಕಾರಿನಲ್ಲಿ ಯಾರು ಕೂತಿದ್ದಾರೋ ನಿಮಗೆ ಗೊತ್ತಿಲ್ಲ. ಅವರೂ ಎಲ್ಲಿಗೋ ಆಸೆಯಿಂದ ಹೊರಟವರೇ.