ಶಂಕರಿಯಮ್ಮನಿಗೆ ಹಚ್ಚೆ ಹಾಕಿಸಿದ್ದು

ಶಂಕರಿಯಮ್ಮ ಇಂಜೆಕ್ಷನ್ ಬೇಡವೆಂದು ಹಟ ಹಿಡಿದು ಅಂದಿಗೆ ನಾಲ್ಕನೆಯ ದಿನ. ಸೊಸೆ ಸ್ವರ್ಣಲತಾ ಬೆಳಿಗ್ಗೆ ಸ್ಪಿರಿಟ್ ದೀಪದ ಮೇಲೆ ಗಾಜಿನ ನಳಿಗೆ ಹಿಡಿದು ಅತ್ತೆಯ ಮೂತ್ರ ಪರೀಕ್ಷೆ ಮಾಡಿದಳು. ನೀಲಿ ಔಷಧ ಹಸಿರಾಯಿತು, ಹಳದಿಯಾಯಿತು, ನೋಡನೋಡುತ್ತಿದ್ದಂತೆ ಇಟ್ಟಿಗೆ ಬಣ್ಣಕ್ಕೆ ಬಂದು ನಿಂತಿತು. ಬೆಳ್ತಂಗಡಿಯ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷ ನರ್ಸ್ ಕೆಲಸ ಮಾಡಿದವಳಿಗೆ ಆ ಬಣ್ಣದ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಕ್ಕರೆ ಹೀಗೇ ಏರುತ್ತಾ ಹೋದರೆ ಮುದುಕಿ ಒಂದು ದಿನ ಪ್ರಜ್ಞೆ ತಪ್ಪಿ ಮಲಗುತ್ತಾರೆ, ಮತ್ತೆ ಏಳುವುದಿಲ್ಲ.

"ಅತ್ತೆ, ಕೈ ಕೊಡಿ."

"ನಿನ್ನ ಸೂಜಿ ನನಗೆ ಬೇಡ. ಹಚ್ಚೆಯ ಸೂಜಿ ತಾ, ಕೊಡ್ತೇನೆ."

ಇದೆಲ್ಲ ಶುರುವಾದದ್ದು ಶಂಕರಿಯಮ್ಮನ ಅಕ್ಕ ವಾಗ್ದೇವಿ ತೀರಿಕೊಂಡ ಮೇಲೆ. ಹೆಣ ಮೀಯಿಸುವಾಗ ಶಂಕರಿಯಮ್ಮ ಪಕ್ಕದಲ್ಲೇ ಇದ್ದರು. ಅಕ್ಕನ ಬಳೆ ತೆಗೆದರು, ಓಲೆ ತೆಗೆದರು, ಮೂಗುಬೊಟ್ಟು ಬರಲಿಲ್ಲವೆಂದು ಎಣ್ಣೆ ಹಾಕಿ ತೆಗೆದರು. ಬಲತೋಳಿನ ಹಚ್ಚೆಯೊಂದನ್ನು ಮಾತ್ರ ಯಾರಿಗೂ ತೆಗೆಯಲಿಕ್ಕೆ ಆಗಲಿಲ್ಲ. ಅದನ್ನು ಅವಳು ತೆಗೆದುಕೊಂಡು ಹೋದಳು. ಚಿಕ್ಕಂದಿನಲ್ಲಿ ಅಕ್ಕ ಹಲ್ಲು ಕಚ್ಚಿ ಕೂತು ಹಾಕಿಸಿಕೊಳ್ಳುವಾಗ ತಂಗಿ ಚಾಪೆಯಿಂದ ಎದ್ದು ಓಡಿ ದನದ ಹಟ್ಟಿಯಲ್ಲಿ ಅಡಗಿದ್ದಳಂತೆ. ಈಗ ಅರವತ್ತೆಂಟಕ್ಕೆ ಅದು ನೆನಪಾಗಿ ಹೆದರಿಕೆ ಹತ್ತಿತು. ಮೇಲೆ ಹೋದಾಗ ಎಂತ ತಂದಿದ್ದೀ ಎಂದು ಕೇಳುತ್ತಾರೆ. ಬರಿಗೈ ತೋರಿಸುವುದು ಹೇಗೆ?

ನಗುವವರು ನಗಲಿ. ಹೆದರಿದವರ ಪಾಡು ಹೆದರಿದವರಿಗೇ ಗೊತ್ತು.

ಆದರೆ ಎರಡು ವರ್ಷದ ಹಿಂದೆ ಇದೇ ಶಂಕರಿಯಮ್ಮನ ಕಾಲಿಗೆ ಒಂದು ನಿಂಬೆಮುಳ್ಳು ಚುಚ್ಚಿ, ಹುಣ್ಣಾಗಿ, ಕೊಳೆತು, ಎರಡು ಬೆರಳು ಕತ್ತರಿಸಬೇಕಾಗಿ ಬಂದಿತ್ತು. ಆಸ್ಪತ್ರೆಯ ಡಾಕ್ಟರು ಹಚ್ಚೆಯ ಹೆಸರು ಕೇಳಿದ್ದೇ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಸಕ್ಕರೆ ಕಾಯಿಲೆಯವರಿಗೆ ಹಚ್ಚೆಯಾ? ಮತ್ತೆ ತೋಳು ಕತ್ತರಿಸ್ಲಿಕ್ಕೆ ನನ್ನ ಹತ್ತಿರ ಬರ್ಬೇಡಿ" ಎಂದರು. ಸ್ವರ್ಣಲತಾಳ ಗಂಡ ಮಹೇಶ್ವರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು, ಅವನದ್ದು ಇನ್ನೂ ಚುಟುಕು. "ಅಮ್ಮನಿಗೆ ಅರಳುಮರಳು. ನಿನಗೂ ಹಿಡೀತಾ?"

ಹೇಳುವುದು ಸುಲಭ. ದಿನಾ ಬೆಳಿಗ್ಗೆ ಆ ನಳಿಗೆಯನ್ನು ಬೆಂಕಿಗೆ ಹಿಡಿಯುವವಳು ಅವಳಲ್ಲವೇ? ಹಾಕಿಸಿದರೆ ತೋಳು, ಹಾಕಿಸದಿದ್ದರೆ ಜೀವ. ಅತ್ತ ದರಿ ಇತ್ತ ಪುಲಿ. ಅಂದು ಸಂಜೆ ಸ್ವರ್ಣಲತಾ ಅತ್ತೆಯ ಮಂಚದ ಅಂಚಿನಲ್ಲಿ ಕೂತು ಹೇಳಿದಳು.

"ಹಾಕಿಸುವ. ಆದ್ರೆ ಒಳ್ಳೆ ಕೈಯವರು ಸಿಗ್ಬೇಕು. ಹುಡುಕ್ಲಿಕ್ಕೆ ನನಗೆ ಸಮಯ ಬೇಕು. ಅಲ್ಲಿವರೆಗೆ ಇಂಜೆಕ್ಷನ್ ತೆಗೊಳ್ಬೇಕು."

ಶಂಕರಿಯಮ್ಮ ಸೊಸೆಯ ಮುಖವನ್ನೇ ತುಂಬ ಹೊತ್ತು ನೋಡಿದರು. ಮತ್ತೆ ತೋಳು ಚಾಚಿದರು.

ಒಳ್ಳೆ ಕೈ ಎಂದರೆ ಯಾವುದು? ಹಚ್ಚೆಯ ಚಂದ ನೋಡಿ ಹೇಳಲಿಕ್ಕಾಗುವುದಿಲ್ಲ. ಸೂಜಿ ಎಷ್ಟು ಆಳ ಹೋಗುತ್ತದೆ, ಗಾಯ ಎಷ್ಟು ದಿನಕ್ಕೆ ಮಾಯುತ್ತದೆ, ಅದು ಗೊತ್ತಾಗಬೇಕು. ಅದು ಚರ್ಮಕ್ಕೆ ಮಾತ್ರ ಗೊತ್ತಾಗುವ ಸಂಗತಿ. ಹಾಗಾಗಿ ಸ್ವರ್ಣಲತಾ ತನ್ನ ಚರ್ಮವನ್ನೇ ಒಡ್ಡಿದಳು.

ಮೊದಲು ಹೋದದ್ದು ಮೂಡಬಿದಿರೆಯ ಸಂತೆಗೆ. ಅಲ್ಲೊಬ್ಬ ಬ್ಯಾಟರಿ ಮೆಷಿನ್ ಇಟ್ಟುಕೊಂಡು ಕೂತಿದ್ದ. ಸುತ್ತ ಜನವೋ ಜನ. ಒಬ್ಬನ ಕೈಗೆ ಹನುಮಂತ ಬರೆದು ಮುಗಿಸಿದ್ದೇ, ಸೂಜಿಯನ್ನು ಲುಂಗಿಗೆ ಒರೆಸಿ ಇವಳತ್ತ ತಿರುಗಿದ. ಸೂಜಿ ಬೇಯಿಸುವುದುಂಟಾ ಎಂದು ಕೇಳಿದ್ದಕ್ಕೆ, "ಇದೇನು ಗೆಣಸಾ ಅಕ್ಕ ಬೇಯಿಸ್ಲಿಕ್ಕೆ?" ಎಂದ. ಸುತ್ತಲಿನವರು ನಕ್ಕರು. ಸ್ವರ್ಣಲತಾ ತಾನು ತಂದ ಸ್ಪಿರಿಟ್ಟಿನಿಂದ ಸೂಜಿಯನ್ನು ತಾನೇ ಉಜ್ಜಿ, ಎಡತೋಳಿನ ಒಳಬದಿಗೆ ಒಂದೇ ಒಂದು ಚುಕ್ಕೆ ಹಾಕಿಸಿಕೊಂಡಳು. ಅದು ಮೂರನೆಯ ದಿನ ಕೀವಾಯಿತು. ಬಣ್ಣದ ಡಬ್ಬಿಯನ್ನು ಯಾರು ಉಜ್ಜುವುದು?

ಮುಂದಿನ ವಾರ ನಾರಾವಿಯಲ್ಲಿ ಹಚ್ಚೆ ಹಾಕುವ ಚನಿಯಪ್ಪನಲ್ಲಿಗೆ ಹೋದಳು. ಪಾಪ, ಬಹಳ ಮರ್ಯಾದೆಯ ಮನುಷ್ಯ. ಕೈ ತೊಳೆದ, ಸೂಜಿ ತೊಳೆದ, ಕೂರಲಿಕ್ಕೆ ಮಣೆ ಕೊಟ್ಟ. ಆದರೆ ಅವನ ಕೈ ಭಾರ. ಒಂದು ಚುಕ್ಕೆಗೆ ರಕ್ತ ಮೊಣಕೈ ತನಕ ಇಳಿಯಿತು, ನಾಲ್ಕು ದಿನ ತೋಳು ಬಾತುಕೊಂಡಿತು. ಮರ್ಯಾದೆಯಿಂದ ಗಾಯ ಮಾಯುತ್ತದೆಯೇ?

ಮೂರನೆಯವಳು ವಾಮದಪದವಿನ ದುಗ್ಗಮ್ಮ. ಅಂಗಳದಲ್ಲಿ ಬೀಡಿ ಕಟ್ಟುತ್ತಾ ಕೂತಿದ್ದ ಮುದುಕಿ ಇವಳ ತೋಳು ನೋಡಿದ್ದೇ ಬೀಡಿ ಎಲೆಯ ಮೊರ ಕೆಳಗಿಟ್ಟಳು.

"ಒಂದು ಚುಕ್ಕೆ ಕೀವಾಗಿದೆ, ಒಂದು ಬಾತಿದೆ. ನೀನು ಹಾಕಿಸ್ಲಿಕ್ಕೆ ಬಂದದ್ದಲ್ಲ. ಪರೀಕ್ಷೆ ಮಾಡ್ಲಿಕ್ಕೆ ಬಂದದ್ದು. ಯಾರಿಗೆ ಬೇಕಾದದ್ದು?"

ಹಿಂದಿನ ಇಬ್ಬರೂ ಕೇಳದ ಪ್ರಶ್ನೆ ಅದು. ಸ್ವರ್ಣಲತಾ ಎಲ್ಲವನ್ನೂ ಹೇಳಿಬಿಟ್ಟಳು, ಸಕ್ಕರೆಯಿಂದ ಹಿಡಿದು ಕತ್ತರಿಸಿದ ಬೆರಳಿನವರೆಗೆ. ದುಗ್ಗಮ್ಮ ಕೇಳಿ ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡಳು.

"ಅಂಥವರಿಗೆ ನಾನು ಹಾಕುವುದಿಲ್ಲ. ನಾಳೆ ಏನಾದ್ರೂ ಆದ್ರೆ ನನ್ನ ತಲೆಗೆ ಬರ್ತದೆ."

"ನಿಮ್ಮ ತಲೆಗೆ ಬರ್ಲಿಕ್ಕೆ ನಾನು ಬಿಡುವುದಿಲ್ಲ. ಮೊದ್ಲು ನನಗೊಂದು ಚುಕ್ಕೆ ಹಾಕಿ."

ದುಗ್ಗಮ್ಮ ಹಾಕಿದಳು. ಇರುವೆ ಕಚ್ಚಿದಷ್ಟೇ. ರಕ್ತ ಹನಿಯಲಿಲ್ಲ, ಚರ್ಮದ ಮೇಲೆ ಬರೇ ಬೆವರಿದ ಹಾಗೆ ಕಂಡಿತು. ನಾಲ್ಕನೆಯ ದಿನ ಸಿಪ್ಪೆ ಉದುರಿ ಚುಕ್ಕೆ ತಣ್ಣಗೆ ಕೂತಿತ್ತು. ಸ್ವರ್ಣಲತಾ ಮತ್ತೊಮ್ಮೆ ವಾಮದಪದವಿಗೆ ಹೋಗಿ, ತೋಳು ತೋರಿಸಿ, ಮುದುಕಿಯ ಕಾಲು ಹಿಡಿಯುವುದೊಂದು ಬಾಕಿ ಎಂಬಷ್ಟು ಬೇಡಿ ಒಪ್ಪಿಸಿ ಬಂದಳು.

ಏಪ್ರಿಲಿನಲ್ಲಿ ಮಹೇಶ್ವರ ಎಸ್ಸೆಸ್ಸೆಲ್ಸಿ ಪೇಪರು ತಿದ್ದಲು ಹತ್ತು ದಿನಕ್ಕೆಂದು ಮಂಗಳೂರಿಗೆ ಹೋದ. ಮರುದಿನವೇ ದುಗ್ಗಮ್ಮ ಬಸ್ಸಿಳಿದಳು. ಸ್ವರ್ಣಲತಾ ಅವಳ ಸೂಜಿಗಳನ್ನು ಇಂಜೆಕ್ಷನ್ ಸಿರಿಂಜಿನ ಪಾತ್ರೆಯಲ್ಲೇ ಕುದಿಸಿದಳು. ಹಚ್ಚೆಗೆ ಕಲಸುವ ದೀಪದ ಮಸಿಗೆ ಸೊಪ್ಪಿನ ರಸ ಬೇಡ, ಕುದಿಸಿ ಆರಿಸಿದ ನೀರು ಸಾಕು ಎಂದಳು.

"ರಸ ಹಾಕದಿದ್ರೆ ಹಸಿರು ಬರುವುದಿಲ್ಲ, ಕಪ್ಪೇ ಉಳೀತದೆ" ಎಂದಳು ದುಗ್ಗಮ್ಮ.

"ಕಪ್ಪೇ ಇರ್ಲಿ. ತೋಳು ಉಳಿದ್ರೆ ಸಾಕು."

ಶಂಕರಿಯಮ್ಮ ಮಿಂದು, ಮಡಿ ಸೀರೆ ಉಟ್ಟು, ಚಾಪೆಯ ಮೇಲೆ ಕೂತಿದ್ದರು. ಅವರಿಗೆ ತೋಳಿನ ಮೇಲೆ ತುಳಸಿಕಟ್ಟೆ ಬೇಕಿತ್ತು, ಸುತ್ತಲೂ ಬಳ್ಳಿ ಬೇಕಿತ್ತು. ದುಗ್ಗಮ್ಮ ಬಲತೋಳನ್ನು ಹಿಡಿದು, ಒತ್ತಿ, ಚರ್ಮವನ್ನು ಎಳೆದು ನೋಡಿ ಐದೇ ಚುಕ್ಕೆ ಎಂದಳು.

"ಐದು ಚುಕ್ಕೆಯಾ? ಇಷ್ಟಕ್ಕೆ ಇಷ್ಟು ದೊಡ್ಡ ರಂಪವಾ?"

"ಅಮ್ಮ, ಅಲ್ಲಿ ಕೇಳುವವನಿಗೆ ಗಾತ್ರ ಬೇಡ, ಗುರುತು ಸಾಕು. ಬೇಕಾದ್ರೆ ಹಾಕಿಸಿ, ಬೇಡದಿದ್ರೆ ನನಗೆ ಮಧ್ಯಾಹ್ನದ ಬಸ್ಸುಂಟು."

ಶಂಕರಿಯಮ್ಮ ತೋಳನ್ನು ಇನ್ನಷ್ಟು ಮುಂದೆ ಚಾಚಿದರು. ಸೂಜಿ ಇಳಿಯಿತು. ಒಂದೊಂದು ಚುಕ್ಕೆಗೂ ಎಷ್ಟು ಸಲ ಚುಚ್ಚಿದಳೆಂದು ಸ್ವರ್ಣಲತಾ ಎಣಿಸುತ್ತಿದ್ದಳು, ಮೂರನೆಯದಕ್ಕೆ ಲೆಕ್ಕ ತಪ್ಪಿತು. ಸಾವಿರಾರು ಜನರಿಗೆ ಸೂಜಿ ಹಾಕಿದವಳು ಮತ್ತೆ ಒಂದರಿಂದ ಎಣಿಸತೊಡಗಿದಳು. ಶಂಕರಿಯಮ್ಮ ಮಾತ್ರ ಅಲುಗಲಿಲ್ಲ. ಐದನೆಯದು ಮುಗಿದಾಗ ಅವರ ಕಣ್ಣಿನಿಂದ ನೀರು ಇಳಿಯಿತು, ನೋವಿಗಂತೂ ಅಲ್ಲ.

ಎರಡು ದಿನ ಏನೂ ಇಲ್ಲ. ಮೂರನೆಯ ದಿನ ಚುಕ್ಕೆಗಳ ಸುತ್ತ ಕೆಂಪು ಹಬ್ಬಿತು. ನಾಲ್ಕನೆಯ ದಿನ ಮುಟ್ಟಿದರೆ ಬಿಸಿ. ಸ್ವರ್ಣಲತಾ ಪೆನ್ನಿನಿಂದ ಕೆಂಪಿನ ಸುತ್ತ ಗೆರೆ ಎಳೆದು, ಗಂಟೆಗೊಮ್ಮೆ ಬಂದು ಗೆರೆ ದಾಟಿತೇ ಎಂದು ನೋಡಿದಳು. ಮಧ್ಯಾಹ್ನಕ್ಕೆ ದಾಟಿತು. ಹೊಸ ಗೆರೆ ಎಳೆದಳು. ಊಟ ಬಿಟ್ಟಳು. ಮುಳ್ಳಿನ ಹುಣ್ಣೂ ಹೀಗೆಯೇ ಶುರುವಾಗಿತ್ತು. ಬೇಡ ಎಂದವರೆಲ್ಲ ಸರಿ, ಹೂಂ ಎಂದ ತಾನೊಬ್ಬಳೇ ಹುಚ್ಚಿ. ಆ ತೋಳು ಹೋದರೆ ತಾನು ಯಾರ ಮುಖ ನೋಡುವುದು?

ಐದನೆಯ ದಿನ ಗೆರೆ ನಿಂತಲ್ಲೇ ನಿಂತಿತು. ಆರನೆಯ ದಿನ ಮಹೇಶ್ವರ ಹೇಳದೆ ಕೇಳದೆ ಬಂದುಬಿಟ್ಟ, ಪೇಪರು ಬೇಗ ಮುಗಿದಿತ್ತು. ಅಮ್ಮನ ತೋಳಿನ ಚುಕ್ಕೆ ನೋಡಿದ, ಸುತ್ತಲಿನ ಎರಡು ಗೆರೆ ನೋಡಿದ, ಚೀಲ ಅಲ್ಲಿಯೇ ಬಿಟ್ಟ.

"ನೀನು ನರ್ಸಾ, ಏನು?"

ಸ್ವರ್ಣಲತಾ ತನ್ನ ತೋಳಿನ ಮೂರು ಚುಕ್ಕೆ ತೋರಿಸಿದಳು. ಯಾವುದು ಯಾರದ್ದು, ಯಾವುದು ಎಷ್ಟು ದಿನಕ್ಕೆ ಮಾಯಿತು ಎಂದು ಒಂದೊಂದನ್ನೂ ಹೇಳಿದಳು. ಅಂದಿನಿಂದ ಗೆರೆ ನೋಡುವವರು ಇಬ್ಬರಾದರು. ಒಂಬತ್ತನೆಯ ದಿನ ಸಿಪ್ಪೆ ಉದುರಿತು. ಐದು ಕಪ್ಪು ಚುಕ್ಕೆ, ಗಾಯ ಒಣಗಿದ ತೋಳು. ಸ್ವರ್ಣಲತಾ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು.

ಹತ್ತನೆಯ ದಿನ ಬೆಳಿಗ್ಗೆ ಸಿರಿಂಜು ಕುದಿಸಿ, ನೀರಿನ ಮಡಕೆಯಲ್ಲಿ ತಣ್ಣಗಿಟ್ಟ ಔಷಧ ಎಳೆದು ಅತ್ತೆಯ ಹತ್ತಿರ ಬಂದಳು. ಶಂಕರಿಯಮ್ಮ ತೋಳನ್ನು ಸೆರಗಿನೊಳಗೆ ಎಳೆದುಕೊಂಡರು.

"ಇನ್ನು ಬೇಡ ಮಗಾ."

"ಎಂತ ಬೇಡ?"

"ಈ ಔಷಧ. ಹಚ್ಚೆ ಆಯ್ತು, ಮಾಯಿತು. ಇನ್ನು ನನಗೆ ಹೋಗ್ಲಿಕ್ಕೆ ಅಡ್ಡಿ ಇಲ್ಲ. ನಿನ್ನ ಉಪಕಾರ ಮರೆಯುವುದಿಲ್ಲ."

ಸ್ವರ್ಣಲತಾಳಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಸಿಟ್ಟು ನೆತ್ತಿಗೇರಿತು. ಮೂರು ಸಲ ತನ್ನ ಚರ್ಮ ಚುಚ್ಚಿಸಿಕೊಂಡು, ಗಂಡನಿಂದ ಮುಚ್ಚಿಟ್ಟು, ಅನ್ನ ಬಿಟ್ಟು ಕಾದದ್ದು ಇದಕ್ಕಾ? ಮುದುಕಿಗೆ ದಾರಿ ಖರ್ಚಿಗೆ ಕೊಟ್ಟು ಕಳಿಸಿದ ಹಾಗಾಯಿತಲ್ಲ. ಬೈಯಬೇಕೆಂದು ಬಾಯಿ ತೆರೆದಳು. ಶಂಕರಿಯಮ್ಮನ ಮುಖ ನೋಡಿದಳು. ಆ ಮುಖದಲ್ಲಿ ಹೆದರಿಕೆ ಒಂದು ಚೂರೂ ಇರಲಿಲ್ಲ. ಸಕ್ಕರೆ, ಔಷಧ, ಡಾಕ್ಟರು ಯಾವುದೂ ಈ ಮುಖದ ಹತ್ತಿರ ನಡೆಯುವುದಿಲ್ಲವೆಂದು ಅವಳಿಗೆ ಗೊತ್ತಾಯಿತು.

"ಒಂದೇ ತೋಳಿನಲ್ಲಿ ಹೋಗ್ತೀರಾ?" ಎಂದಳು.

"ಎಂತ?"

"ಹಚ್ಚೆ ಎರಡೂ ತೋಳಿಗೆ ಆಗ್ಬೇಕಂತೆ. ಒಂದಕ್ಕೆ ಮಾತ್ರ ಹಾಕಿಸಿ ಹೋದ್ರೆ ಅರ್ಧ ಲೆಕ್ಕವಂತೆ. ದುಗ್ಗಮ್ಮ ಹೇಳಿದ್ದು."

ದುಗ್ಗಮ್ಮ ಅಂಥದ್ದೇನೂ ಹೇಳಿರಲಿಲ್ಲ.

"ಅವತ್ತೇ ಯಾಕೆ ಹಾಕ್ಲಿಲ್ಲ ಅವಳು?"

"ಸಕ್ಕರೆಯವರಿಗೆ ಎರಡು ಒಟ್ಟಿಗೆ ಹಾಕ್ಲಿಕ್ಕೆ ಆಗುವುದಿಲ್ಲ. ಒಂದು ವರ್ಷ ಬಿಡ್ಬೇಕು."

ಶಂಕರಿಯಮ್ಮ ಸೊಸೆಯನ್ನು ದಿಟ್ಟಿಸಿದರು. ಸ್ವರ್ಣಲತಾ ರೆಪ್ಪೆ ಬಡಿಯಲಿಲ್ಲ, ಆದರೆ ಸಿರಿಂಜಿನ ತುದಿಯಿಂದ ಔಷಧದ ಒಂದು ಹನಿ ನೆಲಕ್ಕೆ ಬಿತ್ತು. ಆಗ ಬಾಗಿಲಲ್ಲಿ ನಿಂತಿದ್ದ ವಿಜ್ಞಾನದ ಮೇಷ್ಟ್ರು ಗಂಟಲು ಸರಿಮಾಡಿಕೊಂಡ.

"ಹೌದಮ್ಮ, ಅದು ಹೌದು. ದೊಡ್ಡಮ್ಮನಿಗೂ ಎರಡು ತೋಳಿಗೆ ಇತ್ತು. ನಾನು ನೋಡಿದ್ದೇನೆ."

ಅಕ್ಕನ ಹೆಣ ಮೀಯಿಸುವಾಗ ಶಂಕರಿಯಮ್ಮ ಪಕ್ಕದಲ್ಲೇ ಇದ್ದವರು. ಅವಳ ಹಚ್ಚೆ ಎಷ್ಟು ತೋಳಿಗೆ ಇತ್ತೆಂದು ಅವರಿಗಿಂತ ಹೆಚ್ಚು ಬಲ್ಲವರಿರಲಿಲ್ಲ. ಅವರು ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು. ಇಬ್ಬರೂ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಮಕ್ಕಳ ಹಾಗೆ ನಿಂತಿದ್ದರು.

ಕೊನೆಗೆ ಶಂಕರಿಯಮ್ಮ ಎಡತೋಳಿನ ಸೆರಗು ಸರಿಸಿ ಚಾಚಿದರು.

"ಒಂದು ವರ್ಷ ಅಂದ್ರೆ ಒಂದೇ ವರ್ಷ" ಎಂದರು. "ಮತ್ತೆ ಕಾಲಿಗೂ ಆಗ್ಬೇಕಂತೆ ಎಂದು ಕತೆ ತೆಗೀಬೇಡ."